ಗಂಟೆಜೀವಿಗಳ ಸಪ್ಪಳ

ಕೊಳೆನೀರಿಗೆ ಗಾಳಿ ಊದುವ ತೊಟ್ಟಿಯ ಕಟ್ಟೆಯ ಮೇಲೆ ಪುಟ್ಟದೊಂದು ಸ್ಪೀಕರು ಸಪ್ಪಳ ಮಾಡುತ್ತಿತ್ತು. ಜೋಳದ ಗರಿಗಳ ಮೇಲೆ ತುಂತುರು ಬಿದ್ದಂಥ ಸಪ್ಪಳ.

ಅದು ೨೦೬೧ನೆಯ ಇಸವಿ. ಶಿರಗುಂಜಿ ಪಟ್ಟಣದ ಗಟಾರದ ನೀರೆಲ್ಲ ಇಲ್ಲಿಗೆ ಬಂದು, ಶುದ್ಧವಾಗಿ, ಅದೇ ಪಟ್ಟಣದ ನಲ್ಲಿಗಳಿಗೆ ಮರಳುತ್ತಿತ್ತು. ತೊಟ್ಟಿಯ ಉಸ್ತುವಾರಿ ನೋಡುವ ಫಕೀರಪ್ಪ ಮೂವತ್ತು ವರ್ಷ ಈ ದಂಡೆಯಲ್ಲೇ ಸವೆಸಿದ್ದ. ಆರು ತಿಂಗಳ ಹಿಂದೆ ವಿಜ್ಞಾನಿ ನಾಗರತ್ನಾ ಹಡಪದ ಈ ಯಂತ್ರ ತಂದು ಕೂರಿಸಿದಾಗ ಆತ ನಕ್ಕಿದ್ದ.

“ಹೊಲಸಿನ್ಯಾಗ ಏನು ಕೇಳಸ್ತದರೀ ಮೇಡಂ?”

ಆಕೆ ಒಂದು ಹನಿಯನ್ನು ಪರದೆಯ ಮೇಲೆ ಹಿಗ್ಗಿಸಿ ತೋರಿಸಿದಳು. ಕಂದು ಗಸಿಯ ಉಂಡೆಗಳಿಗೆ ಸುರುಳಿ ದಂಟುಗಳಿಂದ ಅಂಟಿಕೊಂಡ ಗಾಜಿನಂಥ ಗಂಟೆಗಳು! ಒಂದೊಂದೂ ಒಂದೇ ಜೀವಕೋಶದ ಪ್ರಾಣಿ. ಬಾಯ ಸುತ್ತಲಿನ ಸೂಕ್ಷ್ಮ ಕೂದಲು ಬೀಸಿ ಪ್ರತಿಯೊಂದೂ ನೀರಿನಲ್ಲಿ ಸುಳಿ ಎಬ್ಬಿಸುತ್ತಿತ್ತು.

“ನಮ್ಮ ಹೊಲಸನ್ನ ಬ್ಯಾಕ್ಟೀರಿಯಾ ತಿಂತಾವ. ಗುಂಪು ಬಿಟ್ಟು ತೇಲೋ ಬ್ಯಾಕ್ಟೀರಿಯಾನ ಈ ಪ್ರೊಟೊಜೋವಾ ತಿಂತಾವ. ಇವು ಇಲ್ಲಂದ್ರ ನೀರು ತಿಳಿ ಆಗೂದಿಲ್ಲ” ಎಂದಳು. ಆ ಕೂದಲುಗಳ ಬಡಿತವನ್ನು ಬೆಳಕಿನ ಕಿರಣದಿಂದ ಅಳೆದು ಸಪ್ಪಳವಾಗಿಸುವುದೇ ಯಂತ್ರದ ಕೆಲಸ.

ಫಕೀರಪ್ಪ ಪರದೆಗೆ ಇನ್ನಷ್ಟು ಹತ್ತಿರ ಬಾಗಿದ. ತಾನು ಮೂಗು ಮುಚ್ಚಿಕೊಂಡು ನೋಡಿದ ನೀರಿನಲ್ಲಿ ಇಷ್ಟು ಕೋಟಿ ಜೀವಗಳು ಊರಿಗಾಗಿ ದುಡಿಯುತ್ತಿದ್ದವೇ!

ಈಗ, ಶ್ರಾವಣದ ಈ ಮುಂಜಾನೆ, ಸಪ್ಪಳ ಇದ್ದಕ್ಕಿದ್ದಂತೆ ತೆಳುವಾಯಿತು.

“ಮೇಡಂ, ಅವು ಮುದುಡಾಕ ಹತ್ಯಾವ್ರೀ. ಕುಡಿಯೋ ನೀರಿನ ತೂಬು ಮುಚ್ಚತೀನಿ.”

“ತಡೀರಿ ಫಕೀರಪ್ಪನವರ! ಆಮ್ಲಜನಕ, ಆಮ್ಲೀಯತೆ ಮೀಟರ್ ಎಲ್ಲಾ ಸರಿ ತೋರಸ್ತಾವ. ನನ್ನ ಯಂತ್ರ ಇನ್ನೂ ಪರೀಕ್ಷೆದಾಗ ಐತಿ. ಅದನ್ನ ನಂಬಿ ಇಡೀ ಊರಿಗೆ ನೀರು ನಿಲ್ಲಸ್ತೀರೇನು?”

“ಯಂತ್ರ ನಂಬಬ್ಯಾಡ್ರಿ. ಅವನ್ನ ನಂಬ್ರಿ.”

ನಾಗರತ್ನಾ ಒಂದು ಕ್ಷಣ ತೊಟ್ಟಿಯತ್ತ ನೋಡಿದಳು. ಆಮೇಲೆ ತಾನೇ ಬಂದು ತೂಬಿನ ಚಕ್ರಕ್ಕೆ ಕೈ ಹಾಕಿದಳು. ಇಬ್ಬರೂ ಅದನ್ನು ತಿರುಗಿಸಿ ಮುಗಿಸುವಷ್ಟರಲ್ಲಿ ಸ್ಪೀಕರು ಪೂರ್ತಿ ಮೌನವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕೊಡಗಳೊಂದಿಗೆ ಜನ ಗೇಟಿನ ಮುಂದೆ ಕೂಗಾಡುತ್ತಿದ್ದರು. ಸಂಜೆ ಪ್ರಯೋಗಾಲಯದ ವರದಿ ಬಂತು: ಲೋಹಕ್ಕೆ ಹೊಳಪಿನ ಲೇಪನ ಮಾಡುವ ಯಾವುದೋ ಶೆಡ್ಡು ಗಟಾರಕ್ಕೆ ಕ್ರೋಮಿಯಂ ವಿಷ ಬಿಟ್ಟಿತ್ತು. ನಾಗರತ್ನಾ ಅದನ್ನು ಓದಿ ಹೇಳಿದಾಗ ಕೂಗು ನಿಂತಿತು. ಮನೆಯಲ್ಲಿ ಎಳೆಗೂಸು ಇದ್ದವಳೊಬ್ಬಳು ಕೊಡ ಇಳಿಸಿ ಅಲ್ಲೇ ಕುಳಿತುಬಿಟ್ಟಳು.

ತೊಟ್ಟಿಯನ್ನು ತೊಳೆದು ಪಕ್ಕದ ಊರಿನ ತೊಟ್ಟಿಯಿಂದ ಗಂಟೆಜೀವಿಗಳಿರುವ ಗಸಿ ತಂದು ಸುರಿದರು. ನೀರು ಟ್ಯಾಂಕರುಗಳಲ್ಲಿ ಬಂತು. ಜಗಳಕ್ಕೆ ಬಂದಿದ್ದ ಜನರೇ ಈಗ ದಿನವೂ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಟ್ಟೆಗೆ ಒರಗಿ ಕಿವಿಗೊಟ್ಟು ನಿಲ್ಲುತ್ತಿದ್ದರು. ಹನ್ನೆರಡನೆಯ ದಿನ ಸ್ಪೀಕರಿನಿಂದ ಒಂದು ಸಣ್ಣ ಮಿಡಿತ ಬಂತು. ತುಸು ತಡೆದು ಮತ್ತೊಂದು. ಆಮೇಲೆ ಎಣಿಸಲಾಗದಷ್ಟು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಉಸಿರು ಜೋರಾದರೆ ಅವು ಬೆದರಿಯಾವೆಂಬಂತೆ ನಿಂತಿದ್ದರು. ಫಕೀರಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ.

ಆತ ಮನೆಗೆ ಬಂದಾಗ ಹೆಂಡತಿ ಗೌರವ್ವ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಪಾಯಖಾನೆ ತೊಳೆಯುವ ಆ್ಯಸಿಡ್ಡಿನ ಅರ್ಧ ಬಾಟಲಿ.

“ಇನ್ನ ಮ್ಯಾಲೆ ಇದು ಬ್ಯಾಡ ಅನಸ್ತದರೀ. ಎಲ್ಲಿ ಚೆಲ್ಲಲಿ?”

ಫಕೀರಪ್ಪ ಬಾಟಲಿ ಇಸಿದುಕೊಂಡ. ಬಚ್ಚಲ ತೂತು ನೋಡಿದ, ಹಿತ್ತಲ ಮಣ್ಣು ನೋಡಿದ, ಅದರಾಚೆಯ ಹಳ್ಳ ನೋಡಿದ. ಎಲ್ಲಿ ಚೆಲ್ಲಿದರೂ ಅಲ್ಲಿ ಯಾರೋ ಇದ್ದರು.