ಒಲೆ ಕಾಣದ ಹಾಲು

ಕೇಸರಪುರದ ಕೇರಿಕೇರಿಗಳಲ್ಲೂ ಅಂದು ಮಾವಿನ ತೋರಣ. ಅರಮನೆಯ ಹೆಬ್ಬಾಗಿಲಲ್ಲಿ ಪಟ್ಟದಾನೆ ಹಣೆಗೆ ಸಿಂಧೂರ ಬಳಿಸಿಕೊಂಡು ನಿಂತಿತ್ತು. ಹೂವಾಡಗಿತ್ತಿಯರ ಬುಟ್ಟಿಗಳು ಹೊತ್ತೇರುವ ಮೊದಲೇ ಬರಿದಾಗಿದ್ದವು. ಬಹುಕಾಲದ ಹರಕೆ ಫಲಿಸಿ ಗರ್ಭವತಿಯಾದ ಮಹಾರಾಣಿ ಲಚ್ಚಲದೇವಿಯ ಸೀಮಂತಕ್ಕೆ ರಾಜಧಾನಿಯೇ ಸಿಂಗರಿಸಿಕೊಂಡಿತ್ತು. ಆ ಮುಂಜಾನೆ ಮುಖ ಗಂಟಿಕ್ಕಿಕೊಂಡಿದ್ದವನು ಒಬ್ಬನೇ, ಅರಮನೆಯ ಪಾಕಶಾಲೆಯ ಅಧ್ಯಕ್ಷ ಕೇತರಸ.

ಅವನ ಸಂಕಟಕ್ಕೆ ಕಾರಣ ಹಾಲು. ಕೆಚ್ಚಲಿನಿಂದ ನೇರವಾಗಿ ಬಟ್ಟಲಿಗೆ ಕರೆದ, ಒಲೆ ಕಾಣದ ನೊರೆಹಾಲು ಕುಡಿಯಬೇಕೆಂದು ರಾಣಿಗೆ ಬಯಕೆ. ಸುದ್ದಿ ತಿಳಿದದ್ದೇ ತಡ, ದೊರೆಯ ದಾಯಾದಿ ದಂಡನಾಯಕ ಬೊಪ್ಪರಸ ತನ್ನ ಹಟ್ಟಿಯ ಹಸುಗಳನ್ನು ಕಾಣಿಕೆಯಾಗಿ ಕಳಿಸಿದ. ದೊರೆಗೆ ಸಂತಾನವಾಗದಿದ್ದರೆ ಸಿಂಹಾಸನ ಅವನ ಪಾಲಿಗೆ. ಕೇತರಸ ಹಟ್ಟಿಗೇ ಹೋಗಿ ವಿಚಾರಿಸಿದ. ಅವೆಲ್ಲ ಕಂದು ಹಾಕಿದ ಹಸುಗಳು, ದಿನ ತುಂಬದೆ ಸತ್ತ ಕರು ಈದವು. ಅವುಗಳ ಹಸಿಹಾಲು ಕುಡಿದ ಹಟ್ಟಿಯ ಬಸುರಿಯರಿಗೂ ಗರ್ಭ ಇಳಿದುಹೋಗಿತ್ತು. ಕಾಯಿಸಿ ಕುಡಿದವರಿಗೆ ಏನೂ ಆಗಿರಲಿಲ್ಲ.

ಹಿಂದಿನ ದಿನ ಓಲಗದಲ್ಲಿ ಇದನ್ನು ಅರಿಕೆ ಮಾಡಿಕೊಂಡಾಗ ರಾಜವೈದ್ಯರು ನಸುನಕ್ಕರು.

"ಹಸುವಿನ ಮೈಬಿಸಿ ಆರದ ಹಾಲು ಧಾರೋಷ್ಣ; ಅದು ಅಮೃತಸಮಾನ. ಇರಲಿ ಅಧ್ಯಕ್ಷರೇ, ಆ ಹಾಲನ್ನು ಪದ್ಧತಿಯಂತೆ ಮೊದಲು ಕುಡಿದು ನೋಡಿದವರು ತಾವೇ ಅಲ್ಲವೇ? ತಮಗೇನಾಯಿತು?"

"ವೈದ್ಯರೇ, ನಾನು ಬಸುರಿಯಲ್ಲ."

ಸಭೆ ಗೊಳ್ಳೆಂದು ನಕ್ಕಿತು. ನಗದೆ ಏನು ಮಾಡೀತು? ಗಂಡಸೊಬ್ಬ ಉಂಡು ಬದುಕಿದರೆ ಆಯಿತು, ಅರಮನೆಯ ವಿಷಪರೀಕ್ಷೆ ಮುಗಿಯಿತು. ಹೊಟ್ಟೆಯೊಳಗಿನ ಜೀವದ ಪರವಾಗಿ ರುಚಿ ನೋಡುವವರು ಯಾರೆಂದು ಆ ಪಂಡಿತರಲ್ಲಿ ಒಬ್ಬರಾದರೂ ಕೇಳಲಿಲ್ಲ.

ದೊರೆ ಕಾಳಿಮಯ್ಯರಸ ಬೇಸರದಿಂದ ಕೈಯೆತ್ತಿದ. "ಸಾಕು, ಕೇತರಸರೇ. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ. ನಾಳೆ ಕಾಯಿಸದ ಹಾಲೇ ಬರಬೇಕು. ಆಜ್ಞೆ ಮೀರಿದರೆ ತಮ್ಮ ತಲೆ ಉಳಿಯದು."

ಕಿವಿ ಸೋರುವುದಕ್ಕಾದರೂ ಮಗು ಬೇಕಲ್ಲ ಪ್ರಭು, ಎಂಬ ಮಾತು ಕೇತರಸನ ನಾಲಿಗೆಯ ತುದಿಗೆ ಬಂದು ಹಿಂದಿರುಗಿತು. ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಅವನಿಗೆ ರೋಸಿಹೋಗಿತ್ತು.

ಸೀಮಂತದ ಹಸೆಯ ಮೇಲೆ ರಾಣಿಯ ಪಕ್ಕದಲ್ಲಿ ಕುಳಿತವಳು ಜಕ್ಕಲೆ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಬೊಪ್ಪರಸನ ಮಗಳು. ಬಯಕೆಯ ತಿನಿಸನ್ನು ರಾಣಿ ಒಬ್ಬಳೇ ಮುಟ್ಟಬಾರದು, ಜೊತೆಗೊಬ್ಬ ಬಸುರಿ ಕುಳಿತು ಮೊದಲ ತುತ್ತು ತಿನ್ನಬೇಕೆಂಬುದು ಆ ಅರಮನೆಯ ಹೆಂಗಸರ ಪದ್ಧತಿ. ಹರೆಯವನ್ನೆಲ್ಲ ಪಾಳೆಯಗಳಲ್ಲಿ ಕಳೆದ ಬೊಪ್ಪರಸನಿಗೆ ಅದು ಗೊತ್ತೇ ಇರಲಿಲ್ಲ.

ಕೇತರಸ ನೊರೆ ತುಂಬಿದ ಬಟ್ಟಲನ್ನು ಜಕ್ಕಲೆಯ ಕೈಗಿತ್ತ. ಅವಳು ಅದನ್ನು ತುಟಿಯ ಬಳಿ ತಂದಳು.

"ಕುಡಿಯಬೇಡ, ಮಗಳೇ."

ಬೊಪ್ಪರಸ ಎದ್ದು ನಿಂತಿದ್ದ. ವಾದ್ಯಗಳು ನಿಂತವು.

"ಏಕೆ, ದಂಡನಾಯಕರೇ?" ದೊರೆ ಮೆಲ್ಲನೆ ಕೇಳಿದ. "ತಾವೇ ಕೊಟ್ಟ ಹಸುವಿನ ಹಾಲಲ್ಲವೇ?"

ಬೊಪ್ಪರಸ ಮುಂದೆ ಬಂದು ಮಗಳ ಕೈಯಲ್ಲಿದ್ದ ಬಟ್ಟಲನ್ನು ಅಂಗೈಯಿಂದ ಮುಚ್ಚಿದ. ದೊರೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕಾವಲಿನವರು ಬಂದು ಅವನ ಖಡ್ಗ ಕಳಚಿಕೊಂಡರು.

ಆಗ ಕೇತರಸ ಜಕ್ಕಲೆಯ ಕಡೆ ತಿರುಗಿದ. "ಹೆದರದೆ ಕುಡಿ, ತಾಯಿ. ಚೆನ್ನಾಗಿ ಉಕ್ಕಿ ಬಂದ ಹಾಲು ಅದು. ನಾನೇ ಕಾಯಿಸಿ, ಆರಿಸಿ, ಕೆನೆ ತೆಗೆದು, ಕಡೆಗೋಲಿನಿಂದ ನೊರೆ ಎಬ್ಬಿಸಿದ್ದೇನೆ." ಆಮೇಲೆ ದೊರೆಯ ಮುಂದೆ ಮಂಡಿಯೂರಿದ. "ಆಜ್ಞೆ ಮೀರಿದ್ದೇನೆ, ಪ್ರಭು. ತಲೆ ತಮ್ಮದು."

ಕಾಳಿಮಯ್ಯರಸ ಪೀಠದಿಂದಿಳಿದು ಅವನನ್ನು ಎಬ್ಬಿಸಿ ಅಪ್ಪಿಕೊಂಡ. "ಈ ತಲೆ ಇಲ್ಲದಿದ್ದರೆ ನನ್ನ ವಂಶವಿರುತ್ತಿರಲಿಲ್ಲ. ಕೇಳದೆ ಹೋದ ತಪ್ಪು ನನ್ನದು, ಕೇತರಸರೇ."

ಕೇತರಸನ ಕಣ್ಣು ತೇವವಾಯಿತು. ಕೊನೆಗೂ ಒಬ್ಬರಿಗೆ ಅರ್ಥವಾಯಿತು ಅಂದುಕೊಂಡ.

ಅಷ್ಟರಲ್ಲಿ ರಾಣಿ ಜಕ್ಕಲೆ ಕುಡಿದು ಕೊಟ್ಟ ಬಟ್ಟಲಿನಿಂದ ಒಂದು ಗುಟುಕು ಕುಡಿದು ಮೂಗು ಮುರಿದಳು. "ಅದಕ್ಕೇ ಹಾಲು ಹಾಲಿನ ಹಾಗಿಲ್ಲ. ನಾಳೆ ಬೇರೆ ಹಸುವಿನದಾದರೂ ಕಾಯಿಸದೆ ಕೊಡಿ, ಕೇತರಸರೇ."

"ಧಾರೋಷ್ಣ," ಎಂದು ರಾಜವೈದ್ಯರು ತಲೆದೂಗಿದರು.

ಕೇತರಸ ಸೀದಾ ಪಾಕಶಾಲೆಗೆ ನಡೆದು, ಒಲೆಗೆ ಇನ್ನೊಂದು ಸೌದೆ ನೂಕಿದ.