ಅರಳೆ ತುಂಬಿದ ದರಬಾರಿ ಅಂಗಿ

ಆಶ್ವಯುಜದ ಬಿಸಿಲೇರುವ ಮುನ್ನವೇ ತೊರೆಗಡದ ಕೋಟೆಬಾಗಿಲ ಮೇಲೆ ನಗಾರಿ ಮೊಳಗತೊಡಗಿತ್ತು. ಅಂದು ನವರಾತ್ರಿಯ ಮೊದಲ ದಿನ. ಸುಣ್ಣ ಬಳಿದ ರಾಜಬೀದಿಯ ಎರಡೂ ಬದಿಗೆ ಬಾಳೆಯ ಕಂಬಗಳು ನಿಂತಿದ್ದವು. ಪಟ್ಟದಾನೆಯ ಹಣೆಗೆ ಮಾವುತನು ಹಳದಿ ಬಣ್ಣದಲ್ಲಿ ಬಳ್ಳಿ ಬರೆಯುತ್ತಿದ್ದನು. ಹೂವಾಡಗಿತ್ತಿಯರ ಬುಟ್ಟಿಗಳಿಂದ ಚೆಂಡುಹೂವಿನ ವಾಸನೆ ಅರಮನೆಯ ಅಂಗಳದವರೆಗೂ ಹರಡಿತ್ತು. ವಿಜಯದಶಮಿಯ ದರಬಾರಿಗೆ ಆಂಗ್ಲ ಸರಕಾರದ ಏಜೆಂಟ್ ಸಾಹೇಬರು ದಯಮಾಡಿಸುವವರಿದ್ದುದರಿಂದ, ಹೊಸ ಶತಮಾನದ ಬೆಡಗೆಂದು ದಿವಾಣಖಾನೆಗೆ ವಿಲಾಯತಿ ಕುರ್ಚಿಗಳೂ ಬಂದಿದ್ದವು. ಇಷ್ಟೆಲ್ಲ ಸಂಭ್ರಮ ಯಾರ ಹೆಸರಿನಲ್ಲಿ ನಡೆದಿತ್ತೋ ಆ ಎಂಟು ವರ್ಷದ ದೊರೆ ಶಂಭುಸರ್ಜನು, ಉಡುಪಿನ ಕೋಣೆಯಲ್ಲಿ ಆಸರೆಯಿಲ್ಲದೆ ನಿಲ್ಲಲಾರದೆ ಗೋಡೆಗೊರಗಿ ನಿಂತಿದ್ದನು.

ಅವನ ಎದೆಗೆ ಅಳತೆಯ ಪಟ್ಟಿ ಸುತ್ತಿದವನು ಅರಮನೆಯ ಸಿಂಪಿಗ ಏಕನಾಥಪ್ಪ. ಮೂರು ತಲೆಮಾರಿನಿಂದ ತೊರೆಗಡದ ದೊರೆಗಳ ಉಡುಪು ಹೊಲಿದ ಮನೆತನ ಅವನದು. ಆ ಮನೆಯ ಹೊಲಿಗೆ ದರಬಾರಿನಲ್ಲಿ ಬಿಚ್ಚಿತೆಂಬ ಮಾತನ್ನು ಯಾರೂ ಕೇಳಿರಲಿಲ್ಲ. ಏಕನಾಥಪ್ಪನಿಗೆ ಆ ಹೆಮ್ಮೆ ತುಸು ಜಾಸ್ತಿಯೇ ಇತ್ತು. ಟೇಪು ಬಂದ ಮೇಲೂ ಮುದುಕ ತನ್ನ ಪದ್ಧತಿ ಬಿಟ್ಟಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ದಪ್ಪ ಕಾಗದದ ಪಟ್ಟಿ. ಅಳತೆ ಮುಗಿದಲ್ಲಿ ಕತ್ತರಿಯಿಂದ ಒಂದು ಕಚ್ಚು. ಯುಗಾದಿಗೊಮ್ಮೆ, ದಸರೆಗೊಮ್ಮೆ ಚಿಕ್ಕ ದೊರೆಯ ಅಳತೆ ತೆಗೆದಾಗಲೆಲ್ಲ ಎದೆಯ ಕಚ್ಚು ಹಿಂದಿನದಕ್ಕಿಂತ ಒಂದಿಷ್ಟು ಹೊರಗೆ ಸರಿದಿರುತ್ತಿತ್ತು. ಬೆಳೆಯುವ ಮಗುವಿನದು ಹಾಗೆ ಸರಿಯಲೇಬೇಕು. ಈ ಸಲ ಅದು ಯುಗಾದಿಯ ಕಚ್ಚಿಗಿಂತ ಮೂರು ಬೆರಳು ಒಳಗೆ ಬಿದ್ದಿತು. ಏಕನಾಥಪ್ಪ ಇನ್ನೊಮ್ಮೆ ಅಳೆದನು, ಮತ್ತೂ ಒಮ್ಮೆ ಅಳೆದನು.

“ಊಟ ಸೇರತೈತೇನ್ರಿ ಧಣ್ಯಾರ?”

“ಸೇರತೈತಿ ಏಕನಾಥಜ್ಜ. ಆದರ ಹಾಲು ಕುಡದ ಮ್ಯಾಲ ಹೊಟ್ಟಿ ಸುಡತೈತಿ. ಕಾಕಾ ಬಿಡೂದಿಲ್ಲ. ತಾವ ಬಟ್ಟಲ ಹಿಡದು ಕುಡಸತಾರ.”

ಮುದುಕ ಪಟ್ಟಿಯ ಕಚ್ಚನ್ನು ಇನ್ನೊಮ್ಮೆ ನೋಡಿದನು. ಅಷ್ಟರಲ್ಲಿ ಬಾಗಿಲ ಪರದೆ ಸರಿಸಿ ಕಾಕಾಸಾಹೇಬ ಅಮೃತಸರ್ಜರೇ ಒಳಬಂದರು. ಹಿರಿಯ ದೊರೆ ತೀರಿಕೊಂಡಂದಿನಿಂದ ಮಗುವಿನ ಪೋಷಕರಾಗಿ ರಾಜ್ಯವಾಳುತ್ತಿದ್ದ ಚಿಕ್ಕಪ್ಪ ಇವರು. ಮಗುವಿಲ್ಲದಿದ್ದರೆ ಗಾದಿಗೆ ಹಕ್ಕುದಾರರೂ ಇವರೇ.

“ಏಕನಾಥಪ್ಪ, ನಮ್ಮ ಮಗು ತುಸು ಬಡಕಲಾಗ್ಯಾನ. ಸಾಹೇಬರು ಮೈಕಟ್ಟು ನೋಡಿ ಯೋಗಕ್ಷೇಮ ಅಳಿಯೂ ಮಂದಿ. ಜರಿ ನೇಯ್ದ ಕಿನಕಾಪಿನ ಅಂಗಿಗೆ ಒಳಗಿಂದ ಅರಳೆ ತುಂಬು. ಎದಿ, ಭುಜ, ತೋಳು ದುಂಡಗ ಕಾಣಬೇಕು.”

“ಅಪ್ಪಣೆ ಸರಕಾರ. ಆದರ ಒಮ್ಮೆ ಡಾಕ್ಟರಿಗೆ ತೋರಿಸಿದ್ರ...”

“ಹೋದ ಶ್ರಾವಣದಾಗ ಅಡಿಗಿ ಭಟ್ಟನೂ ಇದ ಮಾತು ಆಡಿದ್ದ. ನೆನಪೈತಲ್ಲ?” ಎಂದು ಕಾಕಾಸಾಹೇಬರು ಮಗುವಿನ ತಲೆ ನೇವರಿಸಿದರು.

ನೆನಪಿಲ್ಲದವರು ಊರಲ್ಲಿ ಯಾರಿದ್ದರು! ಭಟ್ಟನ ಹೆಣ ಹಿತ್ತಿಲ ಬಾವಿಯಲ್ಲಿ ತೇಲಿತ್ತು.

ಏಜೆಂಟ್ ಸಾಹೇಬರು ಬರುವುದು ವರ್ಷಕ್ಕೊಂದೇ ದಿನ. ಮಗು ಪುಷ್ಟವಾಗಿದೆಯೆಂದು ಕಂಡರೆ ಪೋಷಕರ ಅಧಿಕಾರವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿ ರುಜು ಹಾಕಿ ಹೋಗುವರು. ಮರುವರ್ಷದವರೆಗೆ ಈ ಮಗು ಉಳಿಯಲಾರದೆಂದು ಕೈಯಲ್ಲಿದ್ದ ಪಟ್ಟಿಯೇ ಹೇಳುತ್ತಿತ್ತು. ಸಾಹೇಬರ ಕಾಲಿಗೆ ಬಿದ್ದು ಹೇಳೋಣವೆಂದರೆ ಕಾವಲಿನವರು ಕಾಕಾಸಾಹೇಬರವರು, ದುಭಾಷಿಯೂ ಅವರವನೇ. ತೊಟ್ಟಿಲ ದಿನ ಈ ಮಗುವಿನ ತಲೆಗೆ ಕುಂಚಿಗೆ ಹೊಲಿದು ತೊಡಿಸಿದ ಕೈಗಳಿಂದಲೇ ಇಂದು ಅದರ ಸಾವನ್ನು ಮುಚ್ಚಬೇಕಲ್ಲ ಎಂದು ಏಕನಾಥಪ್ಪ ಅರಳೆ ಹಿಂಜುತ್ತಾ ಹಿಂಜುತ್ತಾ ಬಿಕ್ಕಿ ಬಿಕ್ಕಿ ಅತ್ತನು.

ಎಂಟನೆಯ ದಿನ ಅಂಗಿ ತೊಡಿಸಿ ನೋಡಿದರು. ಕೆಂಪು ಕಿನಕಾಪು, ಕೊರಳಿಗೆ ಜರತಾರಿ, ರೇಶ್ಮೆಯ ಚಲ್ಲಣ, ತಲೆಗೆ ತುರಾಯಿಯ ರುಮಾಲು. ಮಗು ನಿಜಕ್ಕೂ ದುಂಡುದುಂಡಾಗಿ ಕಂಡಿತು. ಮುಖವೊಂದು ಮಾತ್ರ ಆ ಉಡುಪಿಗೆ ಸೇರಿದ್ದಾಗಿರಲಿಲ್ಲ. ಅದಕ್ಕೆ ಕೆನ್ನೆಗೆ ಬಣ್ಣ ಹಚ್ಚಿಸಿದರಾಯಿತೆಂದರು ಕಾಕಾಸಾಹೇಬರು. ಅರಳೆಯ ಸೆಕೆಗೆ ಒಳಂಗಿ ಬೇಡವೆಂದು ಸಿಂಪಿಗನು ಅರಿಕೆ ಮಾಡಿಕೊಂಡಾಗ ಅದಕ್ಕೂ ಒಪ್ಪಿದರು.

ಮರುದಿನ ಆಯುಧಪೂಜೆ. ಏಕನಾಥಪ್ಪನ ಮನೆಯಲ್ಲಿ ಕತ್ತರಿ, ಸೂಜಿಗಳು ಕುಂಕುಮ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದವು. ಅಂದು ಅವನ್ನು ಮುಟ್ಟಿ ಕೆಲಸ ಮಾಡುವಂತಿಲ್ಲ; ಅವನ ಅಪ್ಪ ಮುಟ್ಟಿರಲಿಲ್ಲ, ಅಜ್ಜ ಮುಟ್ಟಿರಲಿಲ್ಲ. ಏಕನಾಥಪ್ಪ ಬಾಗಿಲಿಕ್ಕಿ, ಕತ್ತರಿಗೆ ಕೈಮುಗಿದು, “ತಪ್ಪಾತವ್ವ” ಎಂದು ಎತ್ತಿಕೊಂಡನು. ಮನೆಗೆ ತಂದಿದ್ದ ಅಂಗಿಯ ಬಲಪಕ್ಕೆಯ ಹೊಲಿಗೆಯನ್ನು ಕಂಕುಳಿಂದ ನಡುವಿನವರೆಗೆ ಬಿಚ್ಚಿ, ಒಂದೇ ಎಳೆಯ ಕಚ್ಚಾ ಹೊಲಿಗೆ ಹಾಕಿದನು. ಅದೆಲ್ಲವೂ ಕಂಕುಳ ಬಳಿಯ ಒಂದೇ ಗಂಟಿನ ಮೇಲೆ ನಿಂತಿತ್ತು. ಗಂಟು ಹೋದರೆ, ತೋಳು ಎತ್ತಿದೊಡನೆ ಎಳೆ ಜಾರುವುದು. ಮೂರು ತಲೆಮಾರಿನ ಹೆಸರನ್ನು ತನ್ನ ಕೈಯಾರೆ ಹಾಳು ಮಾಡಿದ ಮೇಲೆ ಅವನು ಆ ದಿನ ಊಟ ಮಾಡಲಿಲ್ಲ.

ವಿಜಯದಶಮಿಯಂದು ಉಡುಪಿನ ಕೋಣೆಯ ಬಾಗಿಲಲ್ಲಿ ಕಾವಲಿನವರು ಅವನ ಸೂಜಿ, ಕತ್ತರಿಗಳನ್ನು ಇಸಿದುಕೊಂಡರು. ಅವನು ಬರಿಗೈಯಲ್ಲಿ ಮಗುವಿಗೆ ಅಂಗಿ ತೊಡಿಸಿ, ಗುಂಡಿ ಹಾಕಿ, ಕಂಕುಳ ಬಳಿ ಬಾಗಿ ಒಂದು ದಾರವನ್ನು ಹಲ್ಲಿನಿಂದ ಕಚ್ಚಿದನು. ಸಿಂಪಿಗರೆಲ್ಲ ಹೀಗೆ ಕಚ್ಚುವವರೇ, ಕಾವಲಿನವರು ಆಕಳಿಸಿದರು.

“ಧಣ್ಯಾರ,” ಎಂದನು ಮೆಲ್ಲನೆ, “ಬನ್ನಿಗೆ ಕತ್ತಿ ಎತ್ತೂವಾಗ ಭುಜದ ತನಕ ಎತ್ತಿ ನಿಲ್ಲಸಬ್ಯಾಡ್ರಿ. ತಲಿ ಮ್ಯಾಲ ಎತ್ತರಿ. ಅಪ್ಪಾಜಿ ಹಂಗ ಎತ್ತತಿದ್ರು.”

“ಕೈ ನಡಗತೈತಿ ಅಜ್ಜ.”

“ನಡಗಲಿ. ಎತ್ತರಿ ಸಾಕು.”

ತುಂಬಿದ ದರಬಾರಿನಲ್ಲಿ ಕಹಳೆ ಮೊಳಗಿತು. ಮಗು ಗಾದಿಯಿಂದೆದ್ದು ಬನ್ನಿಯ ವಂದನೆಗೆಂದು ಪೂರ್ವಿಕರ ಕತ್ತಿಯನ್ನು ಒರೆಯಿಂದೆಳೆಯಿತು. ಕತ್ತಿ ಭುಜದವರೆಗೆ ಬಂದು ನಿಂತಿತು. “ಸಾಕು, ಇಳಸು” ಎಂದರು ಪಕ್ಕದಲ್ಲಿದ್ದ ಕಾಕಾಸಾಹೇಬರು. ಕಂಬದ ಮರೆಯಲ್ಲಿದ್ದ ಏಕನಾಥಪ್ಪ ಒಂದು ಹೆಜ್ಜೆ ಈಚೆ ಬಂದನು. ಮಗುವಿನ ಕಣ್ಣು ಆಚೀಚೆ ಹುಡುಕಿ ಅವನ ಮೇಲೆ ಬಂದು ನಿಂತಿತು. ಆಮೇಲೆ ಅದು ಎರಡೂ ಕೈಯಿಂದ ಹಿಡಿ ಹಿಡಿದು, ತುಟಿ ಕಚ್ಚಿ, ಕತ್ತಿಯನ್ನು ತಲೆಯ ಮೇಲೆತ್ತಿತು.

ಎಳೆ ಸರ್ರನೆ ಜಾರಿತು. ಕಿನಕಾಪು ಕಂಕುಳಿಂದ ನಡುವಿನವರೆಗೆ ಬಾಯಿ ತೆರೆಯಿತು. ಅರಳೆ ಉಂಡೆಯುಂಡೆಯಾಗಿ ರತ್ನಗಂಬಳಿಯ ಮೇಲೆ ಉದುರಿತು. ಅದರ ಹಿಂದೆ, ಎಲ್ಲರ ಕಣ್ಣೆದುರು, ಆ ಹಸುಳೆಯ ಪಕ್ಕೆಲುಬುಗಳು ಒಂದೊಂದಾಗಿ ಎಣಿಸುವಂತೆ ಕಂಡವು.

“ಸಿಂಪಿಗನ ದ್ರೋಹ! ಗಾದಿಗೆ ಅಪಮಾನ!” ಎಂದು ಕೂಗಿದರು ಕಾಕಾಸಾಹೇಬರು. ಏಜೆಂಟ್ ಸಾಹೇಬರು ಮಾತ್ರ ಆ ಕಡೆ ತಿರುಗಲಿಲ್ಲ. ಕುರ್ಚಿಯಿಂದೆದ್ದು ಬಂದು, ಮೊಣಕಾಲೂರಿ, ಮಗುವಿನ ಎಲುಬಿನ ಮೇಲೆ ಕೈಯಿಟ್ಟರು. ಜೊತೆಗೆ ಬಂದಿದ್ದ ತಮ್ಮ ಡಾಕ್ಟರನ್ನು ಕರೆದರು. ಸಂಜೆಯೊಳಗೆ ಹಾಲಿನ ಬಟ್ಟಲಿನ ತಳದಲ್ಲಿದ್ದ ವಿಷ ಬಯಲಾಗಿ, ಕಾಕಾಸಾಹೇಬರು ಪಹರೆಯೊಳಗೆ ಕೂತರು. ಆದರೆ ಅದಕ್ಕೂ ಮುಂಚೆ ಅವರ ಕಡೆಯವರು ಏಕನಾಥಪ್ಪನನ್ನು ಲಾಯಕ್ಕೆ ಎಳೆದೊಯ್ದು, ಅವನ ಎರಡೂ ಕೈಗಳನ್ನು ಕಲ್ಲಿನ ಮೇಲಿಟ್ಟು ಜಜ್ಜಿದ್ದರು.

ಸಾಹೇಬರ ಕಚೇರಿಯಿದ್ದ ಊರಿನ ಆಸ್ಪತ್ರೆಯಿಂದ ಮಗು ಮರಳಿದ್ದು ಯುಗಾದಿಗೆ. ಮೇಣೆ ಅರಮನೆಗೆ ಹೋಗಲಿಲ್ಲ. ಸಿಂಪಿಗರ ಓಣಿಯಲ್ಲಿ ಇಳಿಯಿತು. ಏಕನಾಥಪ್ಪ ಕೈಗಳ ಗಾಯ ಮಾಯದೆ ಏರಿದ ಜ್ವರದಲ್ಲಿ ಚಾಪೆಗಂಟಿದ್ದನು. ಬಟ್ಟೆ ಸುತ್ತಿದ ಕೈಗಳು ಎದೆಯ ಮೇಲೆ ಸುಮ್ಮನೆ ಬಿದ್ದಿದ್ದವು.

“ಅಜ್ಜ, ಅಳತಿ ತಗೋ” ಎಂದಿತು ಮಗು.

“ಗೂಡಿನ್ಯಾಗ ಪಟ್ಟಿ ಐತ್ರಿ ಧಣ್ಯಾರ. ನೀವ ಸುತ್ತಕೋರಿ.”

ಮಗು ಪಟ್ಟಿಯನ್ನು ಎದೆಗೆ ಸುತ್ತಿ, ಕೂಡಿದ ಜಾಗವನ್ನು ಉಗುರಿನಿಂದ ಒತ್ತಿ ಹಿಡಿಯಿತು.

“ದಸರೆಯ ಕಚ್ಚು ಎಲ್ಲೈತ್ರಿ?”

“ಒಳಗ ಉಳೀತು ಅಜ್ಜ. ಇದು ನಾಕು ಬೆರಳು ಹೊರಗ ಬಂದೈತಿ.”

ಏಕನಾಥಪ್ಪ ತಲೆಯನ್ನು ತುಸು ಎತ್ತಿದನು. ಮಗು ಪಟ್ಟಿಯನ್ನು ಅವನ ಬಾಯಿಯ ಬಳಿ ಹಿಡಿಯಿತು. ಉಗುರಿನ ಗುರುತಿನ ಮೇಲೆ ಹಲ್ಲೂರಿ, ಇದ್ದ ಬಲವನ್ನೆಲ್ಲ ಕೂಡಿಸಿ, ಅವನು ಕಚ್ಚು ಹಾಕಿದನು. ಅದು ಅವನು ತೆಗೆದ ಕಡೆಯ ಅಳತೆ.