ಗಾಳಿಯಲ್ಲಿದ್ದಾಗ ಕೊಟ್ಟ ಒಪ್ಪಿಗೆ

ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದವನ ಹುಬ್ಬು ಎರಡೂ ಸುಟ್ಟಿದ್ದವು. ಬೆಂಕಿ ಅನಾಹುತದ ಕೇಸೇ ಇರಬೇಕೆಂದು ಪೇದೆ ನೀರು ತರಲು ಓಡಿದ.

"ಗಾಬರಿಯಾಗ್ಬೇಡಿ ಸ್ವಾಮಿ, ನನ್ನ ಕೆಲಸಾನೇ ಹಂಗೆ," ಎಂದ ಆತ. ಸರ್ಕಸ್ಸಿನಲ್ಲಿ ಫಿರಂಗಿಯೊಳಗೆ ಕೂತು ಹಾರುವವನು. ಎಲ್ಲರೂ ಅವನನ್ನು ಕರೆಯುವುದು ಗುಂಡಣ್ಣ ಎಂದು. "ನನ್ನ ಜೀವ ವಿಮೆ ಯಾರೋ ಕ್ಯಾನ್ಸಲ್ ಮಾಡ್ಸಿದ್ದಾರೆ. ಫೋನಲ್ಲಿ ನಾನೇ ಒಪ್ಪಿಗೆ ಕೊಟ್ಟೆನಂತೆ. ನಾನು ಕೊಟ್ಟೇ ಇಲ್ಲ!"

"ಕಟ್ಟಿದ ಕಂತು ವಾಪಸ್ ಬಂದಿರುತ್ತಲ್ಲ? ಮತ್ತೇನ್ ತೊಂದ್ರೆ?" ಇನ್ಸ್‌ಪೆಕ್ಟರ್ ಕೇಳಿದರು.

"ವಿಮೆ ಇಲ್ದಿದ್ರೆ ಮಾಲೀಕರು ಫಿರಂಗಿ ಹತ್ರಕ್ಕೂ ಬಿಡಲ್ಲ. ಭಾನುವಾರ ದೊಡ್ಡ ಶೋ ಇದೆ. ಅಷ್ಟರಲ್ಲಿ ಸರಿಹೋಗ್ದಿದ್ರೆ ಗೇಟಲ್ಲಿ ಟಿಕೆಟ್ ಹರಿಯೋಕೆ ನಿಲ್ಲಿಸ್ತಾರಂತೆ. ನೆಲದ ಮೇಲೆ ನಿಂತ್ಕೊಂಡು ಕೆಲಸ ಮಾಡಿ ನಂಗೆ ಅಭ್ಯಾಸ ಇಲ್ಲ ಸ್ವಾಮಿ."

"ನಾಮಿನಿ ಯಾರು?"

"ನನ್ನ ಹೆಂಡ್ತಿ."

ಪೇದೆಯ ಕಣ್ಣು ಅರಳಿತು. ವಾರಕ್ಕೆರಡು ಸಿನಿಮಾ ನೋಡದಿದ್ದರೆ ಅವನಿಗೆ ಅನ್ನ ಜೀರ್ಣವಾಗುತ್ತಿರಲಿಲ್ಲ. "ಸಾರ್, ನಾಮಿನಿ ಹೆಂಡ್ತಿ ಅಂದ್ಮೇಲೆ ಇಂಟರ್ವಲ್‌ಗೆ ಮುಂಚೆನೇ ಕ್ಲೈಮ್ಯಾಕ್ಸ್ ಗೊತ್ತಾಯ್ತು ಬಿಡಿ!"

"ಲೋ, ಆ ಥರದ ಹೆಂಡ್ತಿ ಪಾಲಿಸಿ ಇಟ್ಕೊಂಡು ಗಂಡನ್ನ ಕ್ಯಾನ್ಸಲ್ ಮಾಡ್ತಾಳೆ ಕಣೋ. ಇಲ್ಲಿ ಉಲ್ಟಾ ಆಗಿದೆ."

ಬೇರೊಬ್ಬರ ಸೋಗು ಹಾಕಿ ವಂಚನೆ ಎಂದು ಎಫ್‌ಐಆರ್ ದಾಖಲಾಯಿತು. ಪೇದೆಯ ಕ್ಲೈಮ್ಯಾಕ್ಸ್ ದಾಖಲಾಗಲಿಲ್ಲ.

ಹನ್ನೆರಡು ಗಂಟೆಗೆ ದೂರುದಾರನನ್ನೂ ಕರೆದುಕೊಂಡು ವಿಮಾ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿಣಿ ನಿಯಮವನ್ನು ಗುಣಿತದ ಮಗ್ಗಿಯಂತೆ ಒಪ್ಪಿಸಿದಳು. "ಪಾಲಿಸಿ ಕೈಗೆ ಬಂದು ಮೂವತ್ತು ದಿನದೊಳಗೆ ಬೇಡ ಅನ್ಸಿದ್ರೆ ರದ್ದು ಮಾಡಿಸ್ಬಹುದು ಸಾರ್. ಆದ್ರೆ ಪಾಲಿಸಿದಾರರೇ ಒಪ್ಪಬೇಕು. ಹೆಂಡ್ತಿ, ಮಕ್ಕಳು, ನಾಮಿನಿ, ಯಾರಿಗೂ ಹಕ್ಕಿಲ್ಲ. ಅದಕ್ಕೇ ನಾವು ಫೋನ್ ಮಾಡಿ ಕೇಳಿ, ರೆಕಾರ್ಡ್ ಮಾಡ್ಕೋತೀವಿ."

ರೆಕಾರ್ಡಿಂಗ್ ಹಾಕಿಸಿದರು. ಮೊದಲು ಅವಳದೇ ದನಿ: "ರದ್ದಾದ್ರೆ ನಿಮ್ಮ ಮನೆಯವ್ರಿಗೆ ಏನೂ ಸಿಗಲ್ಲ. ನಿಮ್ಮ ಸ್ವಂತ ಇಚ್ಛೆಯಿಂದ ಒಪ್ತೀರಾ?"

ನಂತರ ಬಾವಿಯೊಳಗಿಂದ ಬಂದಂಥ ಗಂಡುದನಿ: "ಮೇಡಂ! ಬೆಟ್ಟ ಬೇಕಾದ್ರೆ ಒಂದ್ ಇಂಚು ಪಕ್ಕಕ್ಕೆ ಸರಿಬಹುದು. ಈ ಗಂಡಿನ ಒಪ್ಪಿಗೆ ಸರಿಯೋದಿಲ್ಲ!"

ಕೊನೆಯ ಮಾತಿನ ಜೊತೆಗೇ ಢಂ! ಆಮೇಲೆ ಚಪ್ಪಾಳೆ, ಶಿಳ್ಳೆ.

"ಚಪ್ಪಾಳೆ ಕೇಳಿ ನಿಮ್ಗೇನೂ ಅನ್ನಿಸ್ಲಿಲ್ವಾ?"

"ಟೀವಿ ಅಂದ್ಕೊಂಡೆ ಸಾರ್. ಅಷ್ಟು ಖಡಕ್ಕಾಗಿ ಒಪ್ಪಿಗೆ ಕೊಟ್ಟೋರು ನಮ್ಮ ಆಫೀಸಲ್ಲಿ ಅವ್ರೊಬ್ರೇ."

ಗುಂಡಣ್ಣನ ಮುಖ ಬಿಳಿಚಿಕೊಂಡಿತ್ತು. "ಆ ಢಂ ನಾನು ಸ್ವಾಮಿ."

ಅಂದರೆ ಒಪ್ಪಿಗೆ ಕೊಟ್ಟ ಕ್ಷಣದಲ್ಲಿ ಪಾಲಿಸಿದಾರ ಗಾಳಿಯಲ್ಲಿದ್ದ. ಇನ್ಸ್‌ಪೆಕ್ಟರ್ ಟೋಪಿ ಸರಿಮಾಡಿಕೊಂಡರು. "ಹಾರುವಾಗ ನಿನ್ನ ಫೋನ್ ಯಾರ ಹತ್ರ ಇರುತ್ತೆ?"

"ಭಾಮೈದನ ಹತ್ರ. ಜೋಕರ್ ವೇಷ ಹಾಕ್ತಾನೆ. ಬಾಯಿ ಬಿಟ್ರೆ ಬರೀ ಡೈಲಾಗು, ಆದ್ರೆ ಪಾಪದ ಹುಡ್ಗ."

ಮೂರು ಗಂಟೆಗೆ ಸರ್ಕಸ್ಸಿನ ಡೇರೆಯಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಟೇಪು ಹಿಡಿದು ಫಿರಂಗಿಯೊಳಗೆ ಇಳಿದ ಪೇದೆ ಹೊಟ್ಟೆಯ ಹತ್ತಿರ ಸಿಕ್ಕಿಹಾಕಿಕೊಂಡ.

"ಸಾರ್, ಎಳೀರಿ!" ಇನ್ಸ್‌ಪೆಕ್ಟರ್ ಫಿರಂಗಿಯ ಹಿಡಿಕೆಗೆ ಕೈ ಹಾಕಿದರು.

"ಅಯ್ಯೋ, ಹಿಡಿಕೆ ಎಳೀಬೇಡಿ!" ಕೈಗೆಲ್ಲ ಎಣ್ಣೆ ಮೆತ್ತಿಕೊಂಡಿದ್ದ ಹೆಂಗಸೊಬ್ಬಳು ಓಡಿಬಂದಳು. "ತೋಳು ಹಿಡ್ದು ಎಳೀರಿ!" ಗುಂಡಣ್ಣನ ಹೆಂಡತಿ ಅವಳೇ. ದಿನವೂ ಫಿರಂಗಿಯ ಹಿಡಿಕೆ ಎಳೆದು ಗಂಡನನ್ನು ಹಾರಿಸುವವಳೂ ಅವಳೇ.

ಪೇದೆ ಹೊರಬಂದ. ಅವನ ಒಂದು ಬೂಟು ಒಳಗೇ ಉಳಿಯಿತು. ಅದನ್ನೂ ಪಂಚನಾಮೆಯಲ್ಲಿ ಬರೆದರು.

ಜೋಕರ್ ಮುಖಕ್ಕೆ ಬಿಳಿ ಬಳಿದುಕೊಂಡೇ ವಿಚಾರಣೆಗೆ ಬಂದ.

"ವಿಮೆ ಕಂಪನಿಯವ್ರ ಹತ್ರ ಮಾತಾಡಿದ್ಯಾ?"

"ಇಲ್ಲ ಸಾರ್. ನನ್ನ ತಾಯಾಣೆ."

ಇನ್ಸ್‌ಪೆಕ್ಟರ್ ರೆಕಾರ್ಡಿಂಗ್ ಹಾಕಿದರು. ಬೆಟ್ಟದ ಮಾತು ಬಂದಾಗ ಜೋಕರನ ತುಟಿ ಜೊತೆಜೊತೆಗೇ ಆಡಿತು. ಚಪ್ಪಾಳೆ ಬಂದಾಗ ಅವನ ಕೈ ಎದೆಗೆ ಹೋಗಿ, ಸೊಂಟ ಬಾಗಿತು. ಬಾಗಿದವನು ಹಾಗೇ ನಿಂತ.

"ಯಾರು ಹೇಳ್ಕೊಟ್ರೋ?"

"ಅಕ್ಕ."

"ಯಾಕಂತೆ?"

"ಕೇಳಿಲ್ಲ ಸಾರ್. ಕೇಳಿದ್ರೆ ಹೊಡೀತಾಳೆ."

ಐದೂವರೆಗೆ ಅಕ್ಕ, ತಮ್ಮ ಇಬ್ಬರ ಬಂಧನವಾಯಿತು. ಒಪ್ಪಿಗೆಯೇ ಸುಳ್ಳಾದ್ದರಿಂದ ರದ್ದತಿಯೂ ರದ್ದು, ಪಾಲಿಸಿ ಮೊದಲಿನಂತೆ ಚಾಲ್ತಿಯಲ್ಲಿದೆ ಎಂದು ಅಧಿಕಾರಿಣಿ ಫೋನಿನಲ್ಲಿ ತಿಳಿಸಿದಳು. ಗುಂಡಣ್ಣನಿಗೆ ಅದು ಕಿವಿಗೆ ಬಿದ್ದಂತಿರಲಿಲ್ಲ.

"ಕಂಪ್ಲೇಂಟ್ ಕ್ಯಾನ್ಸಲ್ ಮಾಡ್ಬಿಡಿ ಸ್ವಾಮಿ. ಮೂವತ್ತು ದಿನ ಟೈಮಿದೆಯಲ್ಲ?"

"ಅದು ಪಾಲಿಸಿಗಪ್ಪ. ಎಫ್‌ಐಆರ್‌ಗಲ್ಲ."

ಬಂಧನದ ವಿಷಯವನ್ನು ಹತ್ತಿರದ ಸಂಬಂಧಿಕರಿಗೆ ತಿಳಿಸಬೇಕು. ಇಬ್ಬರಿಗೂ ಹತ್ತಿರದವನೆಂದರೆ ದೂರುದಾರನೊಬ್ಬನೇ. ಪೇದೆ ಅವನಿಗೇ ವಿಧಿವತ್ತಾಗಿ ತಿಳಿಸಿ ಸಹಿ ಹಾಕಿಸಿಕೊಂಡ. ಜಾಮೀನಿಗೂ ಅವನೇ ನಿಂತ.

ಹೆಂಡತಿ ಹೇಳಿಕೆ ಕೊಡುವಾಗ ಗಂಡನತ್ತ ನೋಡಲಿಲ್ಲ.

"ಮೊದ್ಲೆಲ್ಲ ಹಿಡಿಕೆ ಎಳೆಯುವಾಗ ಇವ್ರೊಬ್ರೇ ಕಣ್ಮುಂದೆ ಇರ್ತಿದ್ರು ಸಾರ್. ಪಾಲಿಸಿ ಬಂದ ವಾರ ಎಳೆದೆ ನೋಡಿ, ಇವ್ರು ಮೇಲೆ ಹೋದ್ರು, ನಂಗೊಂದು ಮನೆ ಕಾಣಿಸ್ತು. ಡೇರೆಯಲ್ಲ, ವಿಮೆ ದುಡ್ಡಲ್ಲಿ ಕಟ್ಟಿದ, ಗೋಡೆ ಇರೋ ಮನೆ. ಇವ್ರು ಬಲೆಗೆ ಬೀಳೋಷ್ಟರಲ್ಲಿ ನಾನು ಬಣ್ಣಾನೂ ಹೊಡೆಸಿ ಮುಗಿಸಿದ್ದೆ."

"ನಾಮಿನಿ ಬದಲಾಯಿಸು ಅನ್ಬಹುದಿತ್ತಲ್ಲಮ್ಮ?"

"ಅಂದೆ. 'ನಿನ್ನ ಬಿಟ್ರೆ ನಂಗ್ಯಾರೇ ಇದ್ದಾರೆ' ಅಂದ್ರು."

ಗುಂಡಣ್ಣ ಕೆಮ್ಮಿದ. "ಎಷ್ಟು ರೂಮಿತ್ತೇ?"

"ಎರಡು."

"ನಾನ್ಯಾವುದ್ರಲ್ಲಿದ್ದೆ?"

"ಎರಡ್ರಲ್ಲೂ ಹುಡುಕಿದೆ. ನೀವಿರ್ಲಿಲ್ಲ."

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ, ಅವಳೆದುರಿಗೆ ಕಾಗದ ಸರಿಸಿದರು. ಸಹಿ ಹಾಕುವಾಗ ಅವಳ ಕೈಯ ಎಣ್ಣೆ ಕಾಗದಕ್ಕೆ ಮೆತ್ತಿಕೊಂಡಿತು. ಗುಂಡಣ್ಣ ಅದನ್ನೇ ನೋಡುತ್ತ ನಿಂತ.

"ಭಾನುವಾರ ನೀನೇ ಎಳೀಬೇಕು," ಎಂದ. "ಬೇರೆ ಯಾರಾದ್ರೂ ಎಳೆದ್ರೆ ನಾನು ಹತ್ತಲ್ಲ."